ಎದುರು ಮನೆಯವಳಿಗೆ ಕೆಲಸ ಸಿಕ್ಕಿತು

ನಮ್ಮ ಕಟ್ಟಡದ ಆರನೆಯ ಮಹಡಿಯಲ್ಲಿ ಇಂಗ್ಲಿಷ್ ಬಾರದವರು ಇಬ್ಬರೇ ಇದ್ದೆವು. ಒಬ್ಬಳು ನಾನು, ಇನ್ನೊಬ್ಬಳು ಎದುರು ಮನೆಯ ಜಪಾನಿ ಹೆಂಗಸು. ನಾನು ದುಬೈಯ ಅಲ್ ಬರ್ಷಾಕ್ಕೆ ಬಂದು ಒಂದೂವರೆ ವರ್ಷವಾಗಿತ್ತು, ಅವಳು ಬಂದು ಆರೇಳು ತಿಂಗಳು. ನನ್ನ ಗಂಡನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳ ಗಂಡ ಪಂಪು, ಮೋಟರು ಮಾರುವ ಜಪಾನಿ ಕಂಪನಿಯೊಂದರಲ್ಲಿದ್ದ. ನನಗೂ ಅವಳಿಗೂ ಒಬ್ಬೊಬ್ಬಳೇ ಮಗಳು, ಇಬ್ಬರೂ ಆರು ವರ್ಷದವರು, ಬೇರೆ ಬೇರೆ ಶಾಲೆಗೆ ಹೋಗುತ್ತಿದ್ದರು. ಬೆಳಿಗ್ಗೆ ಶಾಲೆಯ ಬಸ್ಸುಗಳು ಹೋದ ಮೇಲೆ ಗೇಟಿನಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ. ಉಳಿದ ತಾಯಂದಿರು ಕಾರಿನ ಕೀಲಿ ಆಡಿಸುತ್ತಾ ಆಫೀಸಿಗೆ ಹೊರಟುಬಿಡುತ್ತಿದ್ದರು. ನಾವು ಒಬ್ಬರನ್ನೊಬ್ಬರು ನೋಡಿ ತಲೆಬಾಗಿ, ಒಂದೇ ಲಿಫ್ಟಿನಲ್ಲಿ ಮೇಲೆ ಬಂದು, ಎದುರುಬದುರು ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ನಂಜನಗೂಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳು ನಾನು. ಇಂಗ್ಲಿಷ್ ಓದಿದರೆ ಅರ್ಧ ತಿಳಿಯುತ್ತದೆ, ಯಾರಾದರೂ ಎದುರು ನಿಂತು ಮಾತಾಡಿಸಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ದುಬೈಯಲ್ಲಿ ಇಂಗ್ಲಿಷ್ ಬರದಿದ್ದರೂ ಹಿಂದಿಯಲ್ಲಿ ಬದುಕಬಹುದು, ಮಲಯಾಳದಲ್ಲಿ ಇನ್ನೂ ಚೆನ್ನಾಗಿ ಬದುಕಬಹುದು. ನನಗೆ ಅವೆರಡೂ ಬರುತ್ತಿರಲಿಲ್ಲ. ಆದ್ದರಿಂದ ನನ್ನಂತೆಯೇ ಬಾಯಿಲ್ಲದ ಇನ್ನೊಬ್ಬಳು ಎದುರು ಬಾಗಿಲಲ್ಲಿ ಇದ್ದಾಳೆ ಎನ್ನುವುದು ನನಗೆ ದೊಡ್ಡ ಸಮಾಧಾನವಾಗಿತ್ತು. ಅವಳ ಮೇಲಿನ ಪ್ರೀತಿಯ ಬುಡದಲ್ಲಿ ಇದ್ದದ್ದು ಈ ಸಮಾಧಾನವೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮಾಲ್ ಹತ್ತಿರದ ಕಟ್ಟಡವೊಂದರಲ್ಲಿ ಹೆಂಗಸರಿಗಾಗಿ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಗಂಡನ ಒತ್ತಾಯಕ್ಕೆ ಸೇರಿದೆ. ಮೊದಲ ದಿನ ಒಳಗೆ ಕಾಲಿಟ್ಟರೆ ಹಿಂದಿನ ಸಾಲಿನಲ್ಲಿ ಅವಳು ಕೂತಿದ್ದಾಳೆ! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ನಾವು ಜೊತೆಯಲ್ಲೇ ಹೋಗಿ ಜೊತೆಯಲ್ಲೇ ದಡ್ಡರಾಗುತ್ತಿದ್ದೆವು. ಟೀಚರ್ ಪ್ರಶ್ನೆ ಕೇಳಿದರೆ ಅವಳು ನನ್ನ ಮುಖ ನೋಡುವಳು, ನಾನು ಅವಳ ಮುಖ ನೋಡುವೆ. ನಮ್ಮ ಮಾತೆಲ್ಲ ಫೋನಿನ ಮೂಲಕ. ಅವಳು ಜಪಾನಿಯಲ್ಲಿ ಹೇಳಿದ್ದನ್ನು ಅದು ಕನ್ನಡ ಮಾಡಿ ತೋರಿಸುತ್ತಿತ್ತು. ನಾನು ಕೊಟ್ಟ ಚಿತ್ರಾನ್ನ ತಿಂದು ಅವಳು ಮೊದಲ ಸಲ ಹೇಳಿದ್ದು ಹೀಗೆ ಬಂದಿತ್ತು: "ಈ ಹಳದಿ ಅನ್ನವು ನನ್ನನ್ನು ಅಳಿಸುವಷ್ಟು ಸಂತೋಷಕರವಾಗಿದೆ."

ಕೆಲಸ ಹುಡುಕುವ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂತು. ಮಕ್ಕಳು ಬರುವವರೆಗೆ ದಿನ ಖಾಲಿ. ಹತ್ತರಿಂದ ಎರಡರವರೆಗೆ ಎಲ್ಲಾದರೂ ಅರ್ಧ ದಿನದ ಕೆಲಸ ಸಿಕ್ಕಿದರೆ ಸಾಕಿತ್ತು. ನನಗೆ ಮನುಷ್ಯರ ನಡುವೆ ನಿಲ್ಲಬೇಕಾಗಿತ್ತು, ಸಂಜೆ ಗಂಡ ಬಂದಾಗ ಹೇಳಲು ಏನಾದರೂ ಬೇಕಾಗಿತ್ತು. ಅವಳ ಕಾರಣ ಏನಿತ್ತೋ ನಾನು ಕೇಳಲಿಲ್ಲ. ನನ್ನ ಗಂಡ ಇಬ್ಬರಿಗೂ ಒಂದೊಂದು ಹಾಳೆಯ ಬಯೋಡೇಟ ಮಾಡಿಕೊಟ್ಟರು. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಅದನ್ನಿಟ್ಟುಕೊಂಡು ಎರಡು ವಾರ ಅಂಗಡಿ ಅಂಗಡಿ ಅಲೆದೆವು.

ಆಟಿಕೆ ಅಂಗಡಿಯ ಮ್ಯಾನೇಜರ್ ಹುಡುಗಿ ಇಬ್ಬರ ಹಾಳೆಯನ್ನೂ ನೋಡಿ, ಏನೋ ದೀರ್ಘವಾಗಿ ಕೇಳಿದಳು. ನಾವು ಇಬ್ಬರೂ "ಯೆಸ್" ಎಂದೆವು. ಅವಳು ಮತ್ತೆ ಕೇಳಿದಳು. ಈ ಸಲ ಇಬ್ಬರೂ "ನೋ" ಎಂದೆವು. ಅವಳು ನಕ್ಕು ಹಾಳೆ ವಾಪಸ್ಸು ಕೊಟ್ಟಳು. ಸಿಹಿತಿಂಡಿ ಅಂಗಡಿಯೊಂದರಲ್ಲಿ ಕೌಂಟರಿನವನು ನನ್ನ ಕುಂಕುಮ ನೋಡಿ ಹಿಂದಿ ಶುರುಮಾಡಿದ. ನಾನು ಮಿಕಿಮಿಕಿ ನೋಡಿದೆ. "ಇಂಡಿಯನ್? ನೋ ಹಿಂದಿ?" ಎಂದು ಅವನು ಪಕ್ಕದವನಿಗೆ ನನ್ನನ್ನು ತೋರಿಸಿದ. ಜಪಾನಿಯವಳಿಗೆ ಹಿಂದಿ ಬರುವುದಿಲ್ಲವೆಂದು ಯಾರೂ ಆಶ್ಚರ್ಯಪಡಲಿಲ್ಲ. ಅವಳ ಅಜ್ಞಾನಕ್ಕೆ ಮರ್ಯಾದೆಯಿತ್ತು, ನನ್ನದು ನಗೆಪಾಟಲಾಗಿತ್ತು. ಮೊದಲ ಚುಚ್ಚು ಅಲ್ಲೇ ಬಿತ್ತು. ಆದರೂ ಹೊರಗೆ ಬಂದು ಇಬ್ಬರೂ ಒಂದೇ ಐಸ್‌ಕ್ರೀಮ್ ಹಂಚಿಕೊಂಡು ತಿಂದೆವು. ಇಬ್ಬರಿಗೂ ಸಿಗಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಮೂರನೆಯ ವಾರ ಒಂದು ಮಧ್ಯಾಹ್ನ ಅವಳು ಬಾಗಿಲು ಬಡಿದಳು. ಕೈಯಲ್ಲಿ ಸಣ್ಣ ಪೆಟ್ಟಿಗೆ, ಒಳಗೆ ಬೆಳ್ಳಗೆ ಮೆತ್ತಗಿನ ಸಿಹಿ. ಮುಖ ಕೆಂಪಾಗಿತ್ತು. ಫೋನು ಮುಂದೆ ಹಿಡಿದಳು: "ನನಗೆ ಕೆಲಸ ದೊರೆತಿದೆ. ಜಪಾನಿ ದಿನಸಿ ಅಂಗಡಿ. ಗಿರಾಕಿಗಳು ಜಪಾನಿನವರು. ಇಂಗ್ಲಿಷ್ ಅಗತ್ಯವಿಲ್ಲ."

ನಾನು ಓದಿದೆ. ಇನ್ನೊಂದು ಸಲ ಓದಿದೆ. ನಂತರ ಅವಳ ಎರಡೂ ಕೈ ಹಿಡಿದು ಕುಲುಕಿದೆ, ಬಾಯಿ ಅಗಲಿಸಿ ನಕ್ಕೆ. ಅವಳು ಹೋದ ಮೇಲೆ ಅಡಿಗೆಮನೆಯಲ್ಲಿ ನಿಂತು ಆ ಸಿಹಿಯ ಒಂದು ತುಂಡು ಬಾಯಿಗಿಟ್ಟೆ. ಅಗಿದೆ, ಅಗಿದೆ, ಇಳಿಯಲೇ ಇಲ್ಲ. ಸಿಂಕಿನಲ್ಲಿ ಉಗಿದು ನಲ್ಲಿ ಬಿಟ್ಟೆ.

ಅವಳಿಗೆ ಇಂಗ್ಲಿಷ್ ಬಂದು ಕೆಲಸ ಸಿಕ್ಕಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಕಷ್ಟಪಟ್ಟು ಕಲಿತಳು, ಸಿಕ್ಕಿತು ಎಂದುಕೊಳ್ಳುತ್ತಿದ್ದೆ. ಅವಳು ನನ್ನಷ್ಟೇ ದಡ್ಡಿ. ಅವಳಿಗೆ ಬರುತ್ತಿದ್ದುದು ಅವಳ ತಾಯಿ ಕಲಿಸಿದ ಭಾಷೆ ಒಂದೇ, ನನಗೂ ಅಷ್ಟೇ. ಅವಳದು ಅರ್ಹತೆಯಾಯಿತು, ನನ್ನದು ಯಾರಿಗೂ ಬೇಡವಾಯಿತು.

ಸಂಜೆ ಗಂಡನಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಾ, "ಒಳ್ಳೇದಾಯ್ತು ಬಿಡು, ಪಾಪ," ಎಂದರು.

"ಪಾಪ ಯಾಕೆ? ನಾನ್ ಪಾಪ ಅಲ್ವಾ?"

"ನಿಂಗೂ ಸಿಗುತ್ತೆ ಕಣೇ. ಸ್ವಲ್ಪ ತಾಳ್ಮೆ ಇಟ್ಕೋ."

"ಅವಳಿಗೆ ಅವಳ ಭಾಷೆ ಬಂದ್ರೆ ಸಾಕಂತೆ. ಕನ್ನಡ ಬಂದ್ರೆ ಸಾಕು ಅನ್ನೋ ಅಂಗಡಿ ಎಲ್ಲಿದೆ ತೋರ್ಸಿ ನೋಡೋಣ."

ಅವರು ತಮಾಷೆ ಎಂದುಕೊಂಡು ನಕ್ಕರು. ಆ ರಾತ್ರಿ ಅವರಿಗೆ ಸಾರು ಬಡಿಸಿದೆ, ಮಾತು ಬಡಿಸಲಿಲ್ಲ.

ಮರುವಾರದಿಂದ ನಾನು ಬಾಲ್ಕನಿಯಲ್ಲಿ ನಿಲ್ಲತೊಡಗಿದೆ. ಬಟ್ಟೆ ಒಣಹಾಕುವ ನೆಪ. ಸರಿಯಾಗಿ ಒಂಬತ್ತೂವರೆಗೆ ಅವಳು ಗೇಟಿನಿಂದ ಹೊರಗೆ ಬರುವಳು. ನೀಲಿ ಏಪ್ರನ್ ಮಡಚಿ ಬಟ್ಟೆಚೀಲದಲ್ಲಿ ಇಟ್ಟುಕೊಂಡಿರುವಳು, ಅದರ ದಾರ ಹೊರಗೆ ಜೋತಾಡುತ್ತಿರುವುದು. ತುಟಿಗೆ ಬಣ್ಣ ಹಚ್ಚತೊಡಗಿದ್ದಳು. ನಡಿಗೆಯೂ ಬದಲಾಗಿದೆ ಎಂದು ನನಗನ್ನಿಸಿತು. ರಸ್ತೆ ದಾಟುವಾಗ ಒಂದು ಸಲವಾದರೂ ಮೇಲೆ ನೋಡುತ್ತಾಳೋ ಎಂದು ಕಾಯುತ್ತಿದ್ದೆ. ನೋಡಿದರೆ ತಟ್ಟನೆ ಒಳಗೆ ಸರಿಯುತ್ತಿದ್ದೆ. ಇಂಗ್ಲಿಷ್ ಕ್ಲಾಸಿನ ಹಿಂದಿನ ಸಾಲಿನಲ್ಲಿ ನಾನೊಬ್ಬಳೇ ಆದೆ. ಎರಡು ದಿನ ಹೋದೆ, ಆಮೇಲೆ ಬಿಟ್ಟೆ.

ಇದರ ನಡುವೆಯೇ ಅವಳಿಗೆ ನನ್ನಿಂದ ಒಂದು ಉಪಕಾರ ಬೇಕಾಯಿತು. ಅವಳ ಮಗಳ ಬಸ್ಸು ಒಂದೂ ನಲವತ್ತಕ್ಕೆ ಬರುತ್ತಿತ್ತು, ಅವಳು ಮನೆ ಮುಟ್ಟುವಾಗ ಎರಡೂ ಇಪ್ಪತ್ತು. ಅಷ್ಟು ಹೊತ್ತು ಮಗುವನ್ನು ಇರಿಸಿಕೊಳ್ಳಲು ಕೇಳಿದಳು. ಒಪ್ಪಿಕೊಂಡೆ. ಮಗು ಸದ್ದಿಲ್ಲದ್ದು. ಶೂ ಜೋಡಿಸಿಟ್ಟು, ನಮ್ಮ ಸೋಫಾದ ತುದಿಯಲ್ಲಿ ಕೂತು, ಕೊಟ್ಟ ಬಾಳೆಹಣ್ಣು ತಿನ್ನುತ್ತಿತ್ತು. ಅದರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಪ್ರತಿದಿನ ಅವಳು ಅಂಗಡಿಯ ವಾಸನೆ ಹೊತ್ತು, ದಣಿದು, ಹೊಳೆಯುತ್ತಾ ನನ್ನ ಬಾಗಿಲಿಗೆ ಬಂದು ಬಾಗುವಾಗ ಮಗುವಿನ ಬ್ಯಾಗು ಅವಳ ಕೈಗಿಟ್ಟು ಬೇಗ ಬಾಗಿಲು ಹಾಕಿಬಿಡುತ್ತಿದ್ದೆ. ಅವಳು ಕೆಲಸಕ್ಕೆ ಹೋಗುವುದು ನಾನು ಕೆಲಸವಿಲ್ಲದೆ ಕೂತಿರುವುದರಿಂದ ಎಂದು ದಿನಕ್ಕೆ ಹತ್ತು ಸಲ ಯೋಚಿಸುತ್ತಿದ್ದೆ.

ಹೀಗೆ ತಿಂಗಳು ಕಳೆದ ಮೇಲೆ ಒಂದು ಗುರುವಾರ ಅವಳು ಮಗಳನ್ನು ಕರೆದುಕೊಂಡು ಹೋಗಲು ಬಂದವಳು ಅಲ್ಲೇ ನಿಂತಳು. ಫೋನಿಗೆ ಏನೋ ಹೇಳಿ ನನ್ನತ್ತ ತಿರುಗಿಸಿದಳು.

"ಯಜಮಾನರು ನನ್ನ ಕೆಲಸವನ್ನು ಮೆಚ್ಚಿದ್ದಾರೆ. ಭಾನುವಾರ ಕಳೆದ ನಂತರ ನನಗೆ ಒಂದು ಗಂಟೆ ಹೆಚ್ಚು. ನೀವು ಮಗಳನ್ನು ಮೂರೂವರೆವರೆಗೆ ನೋಡಿಕೊಳ್ಳಬಹುದೇ? ನೀವು ಹೇಗೂ ಮನೆಯಲ್ಲೇ ಇರುತ್ತೀರಲ್ಲ."

ಅವಳು ಜಪಾನಿಯಲ್ಲಿ ಏನಂದಿದ್ದಳೋ ದೇವರಿಗೇ ಗೊತ್ತು. ಇನ್ನೂ ವಿನಯವಾಗಿಯೇ ಹೇಳಿರಬೇಕು. ನನ್ನ ಕಣ್ಣು ಕೊನೆಯ ಸಾಲಿನಲ್ಲೇ ನೆಟ್ಟಿತು. ಅವಳ ಕೈಯಿಂದ ಫೋನು ತೆಗೆದುಕೊಂಡು, ಬಾಯಿಯ ಹತ್ತಿರ ತಂದು, ಸ್ಪಷ್ಟವಾಗಿ ಹೇಳಿದೆ:

"ಆಗುವುದಿಲ್ಲ. ನನಗೂ ಕೆಲಸ ಸಿಕ್ಕಿದೆ. ಕರಾಮಾದಲ್ಲಿ, ಹೊಲಿಗೆ ಅಂಗಡಿಯಲ್ಲಿ. ಸೋಮವಾರದಿಂದ."

ಹೇಳುವ ಕ್ಷಣದವರೆಗೂ ಆ ಸುಳ್ಳು ನನ್ನೊಳಗೆ ಇರಲಿಲ್ಲ. ಅವಳು ಓದಿದಳು. ಅವಳ ಮುಖ ಸಪ್ಪಗಾಗುತ್ತದೆ ಎಂದು ಕಾದಿದ್ದೆ. ಅವಳು ಚಪ್ಪಾಳೆ ತಟ್ಟಿ, ನನ್ನನ್ನು ತಬ್ಬಿಕೊಂಡುಬಿಟ್ಟಳು. ಮಗಳನ್ನು ಕರೆದು ಏನೋ ಹೇಳಿದಳು, ಆ ಮಗುವೂ ನನಗೆ ಬಾಗಿತು.

ಸೋಮವಾರ ಬೆಳಿಗ್ಗೆ ನಾನು ಮನೆಯಲ್ಲಿ ಇರುವಂತಿರಲಿಲ್ಲ. ಇಸ್ತ್ರಿ ಮಾಡಿದ ಚೂಡಿದಾರ ಹಾಕಿ, ಚೀಲದಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು ಒಂಬತ್ತಕ್ಕೆ ಬಾಗಿಲು ತೆಗೆದರೆ ಅವಳು ತನ್ನ ಬಾಗಿಲಲ್ಲೇ ಕಾದು ನಿಂತಿದ್ದಳು, ಮುಷ್ಟಿ ಬಿಗಿದು ಎತ್ತಿ ತನ್ನ ಭಾಷೆಯಲ್ಲಿ ಹುರುಪಿನ ಮಾತೊಂದನ್ನು ಹೇಳಿದಳು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಕೈ ಬೀಸಿದಳು.

ಮೊದಲ ದಿನ ಮಾಲ್‌ನಲ್ಲಿ ಕಳೆದೆ. ಗಾಜಿನ ಆಚೆ ಕೃತಕ ಹಿಮದ ಮೇಲೆ ಜನ ಜಾರುವುದನ್ನು ನೋಡುತ್ತಾ ಎರಡು ಗಂಟೆ ಕೂತಿದ್ದೆ. ಸೆಕ್ಯೂರಿಟಿಯವನು ಎರಡು ಸಲ ಹಾದುಹೋದ. ಎರಡನೆಯ ದಿನ ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಕೊನೆಯ ಸ್ಟೇಷನ್ನಿನವರೆಗೆ ಹೋಗಿ ವಾಪಸ್ಸು ಬಂದೆ. ಎದುರು ಕೂತ ಫಿಲಿಪೀನಿ ಹುಡುಗಿಯರ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿಗಳು ನೇತಾಡುತ್ತಿದ್ದವು. ಅವರೊಬ್ಬೊಬ್ಬರ ಮೇಲೂ ನನಗೆ ಹೊಟ್ಟೆ ಉರಿಯಿತು. ಮೊಸರನ್ನವನ್ನು ಪಾರ್ಕಿನ ಬೆಂಚಿನ ಮೇಲೆ ಕೂತು ತಿಂದೆ. ಎರಡು ಗಂಟೆಗೆ ದಣಿದ ಮುಖ ಹೊತ್ತು ಮನೆಗೆ ಬಂದೆ. ದಣಿವೇನೋ ನಿಜವೇ. ಕೆಲಸವಿಲ್ಲದೆ ಐದು ಗಂಟೆ ಹೊರಗಿರುವುದು ಸುಲಭವಲ್ಲ.

ಗಂಡನಿಗೆ ಏನೂ ಹೇಳಿರಲಿಲ್ಲ. ಮಗುವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಅವಳನ್ನೂ ಕೇಳಿರಲಿಲ್ಲ.

ಎರಡನೆಯ ವಾರ ಬಿಸಿಲು ಏರಿತು. ಕರಾಮಾದಲ್ಲಿ ಎಂದು ಹೇಳಿಬಿಟ್ಟಿದ್ದೇನಲ್ಲ, ಇಂಡಿಯಾದವರೇ ಹೆಚ್ಚಿರುವ ಆ ಜಾಗವನ್ನಾದರೂ ನೋಡಿಟ್ಟುಕೊಳ್ಳೋಣ, ಅವಳೇನಾದರೂ ಕೇಳಿದರೆ ಹೇಳಲು ಬೇಕಾಗುತ್ತದೆ ಎಂದು ಅಲ್ಲಿಗೆ ಹೋದೆ. ಸೀರೆ ಅಂಗಡಿ, ತರಕಾರಿ ಅಂಗಡಿಗಳ ಸಾಲಿನಲ್ಲಿ ಒಂದು ಟೈಲರ್ ಅಂಗಡಿ. ಎಸಿಯ ತಂಪಿಗಾಗಿ ಅದರ ಬಾಗಿಲ ಬಳಿ ನಿಂತು ಅಮ್ಮನಿಗೆ ಫೋನು ಮಾಡಿ, ಚೆನ್ನಾಗಿದ್ದೇನೆ, ಊಟ ಆಯಿತು ಎಂದೆಲ್ಲ ಹೇಳಿದೆ. ಫೋನು ಇಟ್ಟಾಗ ಒಳಗಿನಿಂದ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಐವತ್ತರ ಸುಮಾರಿನವರು, ಆಸ್ಪತ್ರೆಯ ಸಮವಸ್ತ್ರ, ಕೊರಳಲ್ಲಿ ಸಣ್ಣ ಶಿಲುಬೆ.

"ನೀವು ಊರಿನವರಾ? ಕನ್ನಡ ಕೇಳಿತು, ಹಾಗೆ ಕೇಳಿದ್ದು. ನಾವು ಮಂಗಳೂರಿನವರು."

"ಹೂಂ, ನಾವು ಮೈಸೂರ್ ಕಡೆಯೋರು."

"ಒಳಗೆ ಬನ್ನಿ ಮಾರಾಯ್ತಿ, ಬಿಸಿಲಲ್ಲಿ ಎಂತ ನಿಲ್ಲುದು? ನೋಡಿ, ನನ್ನ ತಮ್ಮನ ಮಗಳ ಮದುವೆ ಉಂಟು. ಈ ಸೀರೆಗೆ ಕುಚ್ಚು ಹಾಕ್ಲಿಕ್ಕೆ ಇವರಿಗೆ ಹೇಳಿ ಹೇಳಿ ಸಾಕಾಯ್ತು. ಗೊತ್ತೇ ಆಗುದಿಲ್ಲ ಇವರಿಗೆ."

ಮೇಜಿನ ಮೇಲೆ ಕೆನೆಬಣ್ಣದ ರೇಷ್ಮೆ ಸೀರೆ. ಅಂಗಡಿಯ ಮಾಸ್ಟರ್, ಬಿಳಿಗಡ್ಡದ ಹಿರಿಯರು, ಸೆರಗಿನ ಎಳೆ ಹಿಡಿದುಕೊಂಡು ಅಸಹಾಯಕರಾಗಿ ನಿಂತಿದ್ದರು. ಮದುವೆಗೆ ಮುಂಚೆ ನಾನು ಮೈಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದ ಎರಡು ವರ್ಷ, ಪಕ್ಕದ ಸೀರೆ ಅಂಗಡಿಗೆ ಕುಚ್ಚು ಕಟ್ಟಿಕೊಡುತ್ತಿದ್ದೆ. ಅದನ್ನು ಒಂದು ವಿದ್ಯೆ ಎಂದು ನಾನು ಯಾವತ್ತೂ ಎಣಿಸಿರಲಿಲ್ಲ. ಗಂಡ ಬರೆದ ಬಯೋಡೇಟದಲ್ಲಿಯೂ ಅದು ಇರಲಿಲ್ಲ.

"ನಾನ್ ಕಟ್ತೀನಿ ಕೊಡಿ," ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೆ ಬರ್ತದಾ? ಹಾಳು ಮಾಡ್ಲಿಕ್ಕಿಲ್ಲ ಅಲ್ವಾ?" ಎಂದರು.

"ಒಂದು ಕಟ್ಟಿ ತೋರಿಸ್ತೀನಿ. ಚೆನ್ನಾಗಿಲ್ಲಾಂದ್ರೆ ಬಿಚ್ಚಿಬಿಡೋಣ."

ಸ್ಟೂಲಿನ ಮೇಲೆ ಕೂತೆ. ಎಳೆ ಸಮಮಾಡಿ, ದಾರ ಮಡಚಿ, ಗಂಟು ಬಿಗಿದು, ಮೇಲೆ ಜರಿ ಸುತ್ತಿ, ತುದಿ ಕತ್ತರಿಸಿದೆ. ಒಂದಾಯಿತು, ಹತ್ತಾಯಿತು. ಕೈ ಏನನ್ನೂ ಮರೆತಿರಲಿಲ್ಲ. ಮಾಸ್ಟರ್ ಕನ್ನಡಕ ಏರಿಸಿ ಬಗ್ಗಿ ನೋಡಿದರು, ಹಿಂದಿಯಲ್ಲಿ ಏನೋ ಹೇಳಿದರು.

"ಎಂತ ಹೇಳ್ತಾರೆ ಗೊತ್ತುಂಟಾ?" ಎಂದರು ಮಂಗಳೂರಿನವರು. "ವಾರಕ್ಕೆ ನಾಲ್ಕು ದಿನ ಬರ್ತೀರಾ ಕೇಳ್ತಾರೆ. ಕರ್ನಾಟಕದವರು ಎಲ್ಲ ಕುಚ್ಚು ಕುಚ್ಚು ಅಂತ ಬಂದು ವಾಪಸ್ ಹೋಗ್ತಾರಂತೆ. ಪಾರ್ಟ್‌ಟೈಮ್ ಪರ್ಮಿಟ್ ಇವರೇ ಮಾಡಿಸ್ತಾರೆ, ನಿಮ್ಮ ಗಂಡನ ಒಪ್ಪಿಗೆ ಪತ್ರ ಬೇಕಂತೆ."

"ನಂಗೆ ಹಿಂದಿ ಬರಲ್ಲ ಅಂತ ಹೇಳಿ ಅವ್ರಿಗೆ."

ಆಕೆ ಹೇಳಿದರು. ಮಾಸ್ಟರ್ ಕೈ ಆಡಿಸಿ ಒಂದೇ ಮಾತು ಅಂದರು. "ಖಲಾಸ್ ಅಂತೆ," ಎಂದು ಆಕೆ ನಕ್ಕರು. "ಆಯ್ತು, ಮುಗೀತು ಅಂತ ಅರ್ಥ. ಕೈಗೆ ಹಿಂದಿ ಬೇಡ ಅಲ್ವಾ."

ಮೆಟ್ರೋದಲ್ಲಿ ವಾಪಸ್ಸು ಬರುವಾಗ ನನಗೆ ಕುಣಿಯಬೇಕೆನಿಸಿತ್ತು. ಸುಳ್ಳು ನಿಜವಾಗಿಬಿಟ್ಟಿತ್ತು, ಯಾರಿಗೂ ಗೊತ್ತಾಗಲೇ ಇಲ್ಲ ಎಂದುಕೊಂಡೆ. ಒಂದೂ ಮುಕ್ಕಾಲಿಗೆ ಗೇಟಿನ ಬಳಿ ಬಂದರೆ ಅವಳು ನಿಂತಿದ್ದಳು, ಮನೆಯ ಬಟ್ಟೆಯಲ್ಲಿ, ಮಗಳ ಬ್ಯಾಗು ಹೆಗಲಿಗೆ ಹಾಕಿಕೊಂಡು. ಬಟ್ಟೆಚೀಲವಿಲ್ಲ, ತುಟಿಗೆ ಬಣ್ಣವಿಲ್ಲ. ಇವತ್ತು ರಜೆಯೇ ಎಂದು ಸನ್ನೆಯಲ್ಲಿ ಕೇಳಿದೆ. ಅವಳು ಫೋನು ತೆಗೆದಳು.

"ಕಳೆದ ವಾರ ಕೆಲಸ ಬಿಟ್ಟೆ. ಮಗಳಿಗೆ ಯಾರೂ ಇಲ್ಲ. ಪರವಾಗಿಲ್ಲ. ನಿಮ್ಮ ಕೆಲಸ ಚೆನ್ನಾಗಿದೆಯೇ?"

ಇಲ್ಲಿ ನಾನು ಸುಳ್ಳು ಬರೆಯಬಾರದು. ಅದನ್ನು ಓದಿದ ಮೊದಲ ಕ್ಷಣ ನನಗೆ ಆದದ್ದು ಸಂತೋಷ. ಬೇಸಿಗೆಯಲ್ಲಿ ಗಂಟಲಿಗೆ ತಣ್ಣೀರು ಇಳಿದಂಥ ಸಂತೋಷ. ನನಗೆ ಕೆಲಸ ಸಿಕ್ಕಿದೆ, ಅವಳದು ಹೋಗಿದೆ. ಎಷ್ಟು ಹೊತ್ತು ಹಾಗಿತ್ತೋ, ಬಹುಶಃ ಲಿಫ್ಟು ಆರನೆಯ ಮಹಡಿ ಮುಟ್ಟುವವರೆಗೆ. ಬಾಗಿಲು ತೆರೆದಾಗ ಅವಳು ಮೊದಲು ನಾನು ಇಳಿಯಲೆಂದು ಪಕ್ಕಕ್ಕೆ ಸರಿದು ನಿಂತಳು, ಕೆಲಸ ಮುಗಿಸಿ ಬಂದವಳಿಗೆ ದಾರಿ ಬಿಡುವಂತೆ. ಒಂದು ವಾರದಿಂದ ತಾನೇ ಕೆಲಸ ಬಿಟ್ಟುಕೊಂಡು, ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನಗೆ ಮುಷ್ಟಿ ಎತ್ತಿ ಹುರುಪು ತುಂಬಿದ್ದಳು. ನಾನು ಮಾಲ್‌ನಲ್ಲಿ ಹಿಮ ನೋಡುತ್ತಾ ಕೂತಿದ್ದೆ.

ನನ್ನ ಮಗಳ ಬಸ್ಸು ಬಂದ ಮೇಲೆ ಅವಳಿಗೆ ಊಟ ಹಾಕಿ, ಟಿವಿ ಮುಂದೆ ಕೂರಿಸಿ, ಎದುರು ಬಾಗಿಲು ಬಡಿದೆ. ಹೇಳುವುದನ್ನು ಫೋನಿಗೆ ಮೊದಲೇ ಹೇಳಿಟ್ಟುಕೊಂಡಿದ್ದೆ. "ಅವತ್ತು ನನಗೆ ಕೆಲಸ ಸಿಕ್ಕಿರಲಿಲ್ಲ. ಸುಳ್ಳು ಹೇಳಿದೆ. ನಿಮಗೆ ಕೆಲಸ ಸಿಕ್ಕಿದ್ದು ನನಗೆ ಸಹಿಸಲಾಗಲಿಲ್ಲ."

ಅವಳು ಓದಿದಳು. ತಪ್ಪು ಅನುವಾದವಾಗಿರಬಹುದು ಎಂಬಂತೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಗ ಅವಳು ಫೋನನ್ನು ನನ್ನ ಕೈಗೆ ಹಿಂತಿರುಗಿಸಿ ಜಪಾನಿಯಲ್ಲಿ ಮಾತಾಡತೊಡಗಿದಳು, ಮೆಲ್ಲಗೆ, ನಿಲ್ಲಿಸದೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಅದನ್ನು ಯಾವ ಯಂತ್ರವೂ ನನಗೆ ಹೇಳಿಕೊಡಲಿಲ್ಲ. ಮುಗಿಸಿ, ಬಾಗದೆ, ಬಾಗಿಲು ಹಾಕಿಕೊಂಡಳು.

ಗಂಡನಿಗೆ ಆ ಸಂಜೆ ಎಲ್ಲ ಹೇಳಿದೆ. ಅವರು "ನೀನ್ ಹಿಂಗ್ ಮಾಡ್ತೀಯ ಅಂತ ನಾನ್ ಅನ್ಕೊಂಡಿರ್ಲಿಲ್ಲ," ಎಂದರು.

"ನಾನೂ ಅನ್ಕೊಂಡಿರ್ಲಿಲ್ಲ."

"ಈಗೇನ್ ಮಾಡ್ತೀಯ?"

"ಅವಳಿದ್ದ ಆ ಜಪಾನಿ ಅಂಗಡಿಗ್ ಹೋಗ್ತೀನಿ."

ಅವರು ಬರುತ್ತೇನೆಂದರು, ನಾನು ಬೇಡವೆಂದೆ. ಒಂದು ಹಾಳೆಯಲ್ಲಿ ಫೋನು ಕೊಟ್ಟ ಜಪಾನಿ ಅಕ್ಷರಗಳನ್ನು ಮುದ್ರಿಸಿಕೊಂಡು ಮರುದಿನ ಹೋದೆ. ಸಣ್ಣ ಅಂಗಡಿ, ಒಂದು ಗೋಡೆಯ ತುಂಬ ಒಣಗಿದ ಮೀನಿನ ಪೊಟ್ಟಣ, ಇನ್ನೊಂದರ ಮೇಲೆ ಸಾಸಿನ ಬಾಟಲಿಗಳು. ಮಾಲೀಕರು ಹಾಳೆಯನ್ನು ಎರಡು ಕೈಯಿಂದ ತೆಗೆದುಕೊಂಡು ಓದಿದರು. ತಪ್ಪು ನನ್ನದು, ಮಗುವನ್ನು ಇನ್ನು ಮುಂದೆ ದಿನಾ ನಾನೇ ಇರಿಸಿಕೊಳ್ಳುತ್ತೇನೆ, ಅವಳನ್ನು ವಾಪಸ್ಸು ಕರೆಯಿರಿ ಎಂದು ಅದರಲ್ಲಿತ್ತು. ಅವರು ನಿಟ್ಟುಸಿರುಬಿಟ್ಟು ಕೌಂಟರಿನ ಕಡೆ ನೋಡಿದರು. ಅಲ್ಲಿ ಬೇರೊಬ್ಬ ಜಪಾನಿ ಹುಡುಗಿ ಅದೇ ನೀಲಿ ಏಪ್ರನ್ ಕಟ್ಟಿಕೊಂಡು ಬೆಲೆಚೀಟಿ ಅಂಟಿಸುತ್ತಿದ್ದಳು. ಹಾಳೆಯನ್ನು ಮಡಚಿ ನನಗೆ ಹಿಂತಿರುಗಿಸಿದರು.

ನನ್ನ ಪರ್ಮಿಟ್ ಬಂತು. ನಾನು ಕರಾಮಾಕ್ಕೆ ಹೋಗತೊಡಗಿದೆ. ಮಣಿ ಪೋಣಿಸಿದ ಕುಚ್ಚು, ಕ್ರೋಶಾ ಹೆಣೆದ ಕುಚ್ಚು, ಎಲ್ಲಕ್ಕೂ ಬೇಡಿಕೆಯಾಯಿತು. ಅಬುಧಾಬಿಯಿಂದಲೂ ಸೀರೆಗಳು ಬಂದವು. ಮಾಸ್ಟರ್ ನನಗೆ ಹಿಂದಿಯಲ್ಲಿ ಸಂಖ್ಯೆ ಕಲಿಸಿದರು, ನಾನು ಅವರಿಗೆ "ಸೆರಗು" ಎನ್ನಲು ಕಲಿಸಿದೆ. ಸಂಜೆ ಗಂಡನಿಗೆ ಹೇಳಲು ಕತೆಗಳಿರುತ್ತಿದ್ದವು. ಆದರೆ ಬೆಳಿಗ್ಗೆ ಬಾಗಿಲು ತೆಗೆದಾಗ ಎದುರು ಬಾಗಿಲು ಮುಚ್ಚಿರುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕರೆ ಅವಳು ಗುಂಡಿಗಳನ್ನೇ ನೋಡುತ್ತಿದ್ದಳು. ಎರಡು ತಿಂಗಳ ಮೇಲೆ ಒಮ್ಮೆ ತಲೆ ತುಸು ಬಾಗಿಸಿದಳು. ನಾನು ಅಂದು ಮನೆಗೆ ಬಂದು ಅತ್ತೆ.

ಅದಾಗಿ ಸ್ವಲ್ಪ ದಿನಕ್ಕೆ ಅವಳ ಗಂಡನಿಗೆ ಅಬುಧಾಬಿಗೆ ವರ್ಗವಾಯಿತು. ಸಾಮಾನು ಲಾರಿ ಬಂದ ಶನಿವಾರ ನಾನು ಕೇಳದೆಯೇ ಹೋಗಿ ಪಿಂಗಾಣಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬತೊಡಗಿದೆ. ಅವಳು ಬೇಡವೆನ್ನಲಿಲ್ಲ. ಮಕ್ಕಳಿಬ್ಬರೂ ಖಾಲಿ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಕೂಗಾಡುತ್ತಾ ಓಡುತ್ತಿದ್ದರು. ನಮ್ಮಿಬ್ಬರಿಗೂ ಬಾರದ ಭಾಷೆ ಅವರಿಗೆ ಆಟವಾಗಿತ್ತು. ಕೊನೆಯ ಪೆಟ್ಟಿಗೆ ಇಳಿದ ಮೇಲೆ ಅವಳು ಫೋನು ತೋರಿಸಿದಳು. ಹೊಸ ವಿಳಾಸ. ಕೆಳಗೆ ಎರಡು ಸಾಲು: "ಇನ್ನೂ ಕೋಪವಿದೆ. ಆದರೆ ಬನ್ನಿ."

ನಾಲ್ಕು ತಿಂಗಳು ನಾನು ಹೋಗಲಿಲ್ಲ. ಧೈರ್ಯ ಸಾಲಲಿಲ್ಲ. ಆಮೇಲೆ ಒಂದು ದಿನ ಅಂಗಡಿಗೆ ರಜೆ ಇದ್ದಾಗ, ಬರುತ್ತೇನೆಂದು ಅವಳಿಗೆ ಮೆಸೇಜು ಹಾಕಿ ಅಬುಧಾಬಿಯ ಬಸ್ಸು ಹತ್ತಿದೆ. ಟೂರಿಸ್ಟ್ ಕ್ಲಬ್ ಏರಿಯಾದ ಕಟ್ಟಡಗಳ ನಡುವೆ ಬೆವರುತ್ತಾ ನಿಂತಿದ್ದಾಗ ಅವಳೇ ಬಂದು ಕೈ ಹಿಡಿದಳು. ಮನೆಗೆ ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಅವಳು ಪಕ್ಕದ ಹೋಟೆಲ್ಲಿಗೆ ಕರೆದುಕೊಂಡು ಹೋದಳು. ಅದರ ಎರಡನೆಯ ಮಹಡಿಯಲ್ಲಿ ಜಪಾನಿ ಊಟದ ಕೋಣೆ. ನನ್ನನ್ನು ಕಿಟಕಿಯ ಪಕ್ಕದ ಮೇಜಿಗೆ ಕೂರಿಸಿ ಒಳಗೆ ಹೋದಳು. ಹೊರಗೆ ಬಂದಾಗ ಕಪ್ಪು ಕೋಟು, ಎದೆಯ ಮೇಲೆ ಹೊಳೆಯುವ ಹೆಸರಿನ ಪಟ್ಟಿ, ಎತ್ತಿ ಕಟ್ಟಿದ ಕೂದಲು. ಮಧ್ಯಾಹ್ನದ ಪಾಳಿ ಅವಳದಂತೆ, ಇಲ್ಲಿ ಮಗಳ ಶಾಲೆ ಬಿಡುವುದು ಅದು ಮುಗಿದ ಮೇಲಂತೆ.

ಪಕ್ಕದ ಮೇಜಿನಲ್ಲಿ ಸೂಟು ಹಾಕಿದ ಇಬ್ಬರು ಇದ್ದರು. ಅವಳು ಅವರ ಬಳಿ ನಿಂತು ಇಂಗ್ಲಿಷಿನಲ್ಲಿ ಮಾತಾಡಿದಳು. ನಿಧಾನ, ಒಂದೊಂದೇ ಪದ. ಹೋಟೆಲಿನವರು ಕಲಿಸಿದ ಇಪ್ಪತ್ತು ವಾಕ್ಯಗಳಿರಬೇಕು. ಅವರು ಏನೋ ಕೇಳಿದರು. ಅವಳಿಗೆ ಅರ್ಥವಾಯಿತು! ಉತ್ತರ ಹೇಳಿದಳು, ಅವರು ನಕ್ಕರು, ಅವಳೂ ನಕ್ಕಳು.

ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಇಷ್ಟೆಲ್ಲ ಆದ ಮೇಲೂ, ನನಗೂ ಒಂದು ಕೆಲಸವಿದ್ದೂ. ನಾಚಿಕೆಯಿಂದ ಕಿಟಕಿಯತ್ತ ತಿರುಗಿದೆ. ಕೆಳಗೆ ರಸ್ತೆಯಲ್ಲಿ ಕಾರುಗಳು ಸಿಗ್ನಲಿಗೆ ಕಾಯುತ್ತಿದ್ದವು. ಉರಿಯುತ್ತಿದೆ, ಉರಿಯಲಿ, ಈ ಸಲ ಬಾಯಿ ತೆರೆಯುವುದಿಲ್ಲ ಎಂದುಕೊಂಡು ಕೂತೆ.

ಅವಳು ಬಟ್ಟಲು ತಂದಿಟ್ಟಳು. ಬಿಸಿ ಅನ್ನ, ಮೇಲೆ ಹುರಿದ ಬದನೆಕಾಯಿ, ಎಳ್ಳು. ನನಗೆ ಮಾಂಸ ಆಗುವುದಿಲ್ಲ ಎಂದು ಒಳಗೆ ಹೇಳಿ ಬೇರೆ ಮಾಡಿಸಿದ್ದಳು. ಗಿರಾಕಿಗಳಿಗೆ ಬಾಗುವಂತೆ ನನಗೂ ಬಾಗಿದಳು, ಆದರೆ ಅಲ್ಲಿಂದ ಹೋಗಲಿಲ್ಲ. ನಾನು ತಿನ್ನುವುದನ್ನು ನೋಡುತ್ತಾ ನಿಂತಳು. ಹಸಿವಾಗಿತ್ತು, ಬೇಗ ಬೇಗ ತಿಂದೆ. ಬಟ್ಟಲು ಖಾಲಿಯಾದಾಗ ತಲೆಯೆತ್ತಿದೆ.

"ಇನ್ನೊಂಚೂರು ಹಾಕು," ಎಂದೆ. ಫೋನು ಚೀಲದಲ್ಲೇ ಇತ್ತು, ಕನ್ನಡದಲ್ಲೇ ಅಂದೆ.

ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಮೊದಲಿಗಿಂತ ಹೆಚ್ಚು ತಂದಳು.